ಕ್ಯಾಮೆರಾ ಬದಲಿಸುವ ಮುನ್ನ ಲೆನ್ಸ್: ಬಾಡಿಗೆ ಮತ್ತು ಮಾರಾಟದ ಕ್ರಮದಲ್ಲಿ ಆಗುತ್ತಿರುವ ಬದಲಾವಣೆ ಕುರಿತು

ಮಾನ್ಯ ಗ್ರಾಹಕರೇ,

ಆಷಾಢದಲ್ಲಿ ಮದುವೆಗಳಿರುವುದಿಲ್ಲವಾದ್ದರಿಂದ ಶಿವಮೊಗ್ಗ ಮತ್ತು ಸುತ್ತಲಿನ ತಾಲ್ಲೂಕುಗಳ ಛಾಯಾಗ್ರಾಹಕರು ಸಲಕರಣೆಗಳನ್ನು ಸರ್ವೀಸಿಗೆ ಕೊಡುವುದೂ ಹೊಸದನ್ನು ಕೊಳ್ಳುವ ಲೆಕ್ಕ ಹಾಕುವುದೂ ಹೆಚ್ಚಾಗಿ ಈ ತಿಂಗಳಲ್ಲೇ. ನಮ್ಮ ಅಂಗಡಿಯ ಕ್ರಮದಲ್ಲಿ ಮಾಡುತ್ತಿರುವ ಬದಲಾವಣೆಯನ್ನೂ ಅದರ ಕಾರಣವನ್ನೂ ಶ್ರಾವಣದ ಮುಹೂರ್ತಗಳು ಶುರುವಾಗುವ ಮೊದಲೇ ತಮ್ಮ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇವೆ.

ಬರುವ ಆಗಸ್ಟ್ 1ರಿಂದ ಕ್ಯಾಮೆರಾ ಮತ್ತು ಲೆನ್ಸನ್ನು ಒಂದೇ ಸೆಟ್ಟಾಗಿ ಬಾಡಿಗೆಗೆ ಕೊಡುವ ಪದ್ಧತಿಯನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ಬಾಡಿಯ (ಲೆನ್ಸಿಲ್ಲದ ಬರಿಯ ಕ್ಯಾಮೆರಾದ) ದರ ಬೇರೆ, ಲೆನ್ಸಿನ ದರ ಬೇರೆ. ಸ್ವಂತ ಕ್ಯಾಮೆರಾ ಇರುವವರು ತಮಗೆ ಬೇಕಾದ ಲೆನ್ಸನ್ನಷ್ಟೇ ಒಯ್ಯಬಹುದು. ಈ ವರ್ಷ ಬಾಡಿಗೆ ವಿಭಾಗಕ್ಕೆಂದು ತೆಗೆದಿರಿಸಿದ ಹಣದಲ್ಲಿ ಹೊಸ ಬಾಡಿ ಒಂದನ್ನೂ ಕೊಳ್ಳದೆ ಪೂರ್ತಿ ಮೊತ್ತವನ್ನು ಲೆನ್ಸುಗಳ ಮೇಲೆ ಹಾಕುತ್ತಿದ್ದೇವೆ. ಮಾರಾಟದ ವಿಷಯದಲ್ಲಿ, ಹಳೆಯ ಕ್ಯಾಮೆರಾ ಕೊಟ್ಟು ಹೊಸದನ್ನು ಪಡೆಯುವ ಎಕ್ಸ್‌ಚೇಂಜ್ ಸೌಲಭ್ಯ ಮುಂದುವರಿಯುತ್ತದೆ. ಆದರೆ ಅದಕ್ಕೂ ಮೊದಲು ತಮ್ಮ ಈಗಿನ ಕ್ಯಾಮೆರಾದ ಮೇಲೆಯೇ ಒಂದು ಒಳ್ಳೆಯ ಲೆನ್ಸನ್ನು ಹಾಕಿ ಒಂದು ಕೆಲಸವನ್ನಾದರೂ ಮಾಡಿ ನೋಡಿರೆಂದು ನಾವು ಕೇಳಿಕೊಳ್ಳುತ್ತೇವೆ. ಹೆಚ್ಚು ಬೆಲೆಯ ವಸ್ತುವನ್ನು ಮಾರುವ ಅವಕಾಶವನ್ನು ಅಂಗಡಿಯವರೇ ಮುಂದೂಡುವುದು ವಿಚಿತ್ರವೆನಿಸಬಹುದು. ಅದಕ್ಕೆ ಕಾರಣಗಳಿವೆ.

ನಮ್ಮಲ್ಲಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬರುವ ದೂರು, ಕಲ್ಯಾಣ ಮಂಟಪದೊಳಗೆ ತೆಗೆದ ಫೋಟೊಗಳಲ್ಲಿ ಗ್ರೇನ್ಸ್ (ಮರಳಿನಂಥ ಚುಕ್ಕೆಗಳು) ಬರುತ್ತಿದೆ ಎಂಬುದು. ಅದರ ಹಿಂದೆಯೇ ಯಾವ ಫುಲ್ ಫ್ರೇಮ್ (ಬೆಳಕನ್ನು ಹಿಡಿಯುವ ಸೆನ್ಸರ್ ದೊಡ್ಡದಿರುವ) ಕ್ಯಾಮೆರಾ ಕೊಳ್ಳಲಿ ಎಂಬ ಪ್ರಶ್ನೆಯೂ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಕ್ಯಾಮೆರಾದ ಜೊತೆಯಲ್ಲಿ ಬರುವ 18–55 ಮಿ.ಮೀ. ಕಿಟ್ ಲೆನ್ಸು 55ರ ತುದಿಗೆ ಹೋದಾಗ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ, ಎಂದರೆ ಅಪರ್ಚರ್, ದೊಡ್ಡದು). ಅದೇ ಜಾಗದಲ್ಲಿ 50 ಮಿ.ಮೀ. ಎಫ್ 1.8 ಲೆನ್ಸನ್ನು ಪೂರ್ತಿ ತೆರೆದಿಟ್ಟರೆ ಒಳಗೆ ಬರುವ ಬೆಳಕು ಸುಮಾರು ಹತ್ತು ಪಟ್ಟಾಗುತ್ತದೆ. ಕಿಟ್ ಲೆನ್ಸಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ; ಏರಿಸಿದಷ್ಟೂ ಗ್ರೇನ್ಸ್ ಹೆಚ್ಚು) 6400 ಕೇಳುತ್ತಿದ್ದ ದೃಶ್ಯಕ್ಕೆ ಇಲ್ಲಿ 640ರ ಆಸುಪಾಸು ಸಾಕು. ಇನ್ನು ಸೆನ್ಸರಿನ ಕಡೆ ನೋಡಿದರೆ, ಫುಲ್ ಫ್ರೇಮ್ ಸೆನ್ಸರಿನ ಅಳತೆ 36 ಗುಣಿಸು 24 ಮಿ.ಮೀ., ಎಂದರೆ 864 ಚದರ ಮಿ.ಮೀ. ಅದಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರುಗಳ ವಿಸ್ತೀರ್ಣ ನಿಕಾನ್ ಮತ್ತು ಸೋನಿಯಲ್ಲಿ ಸುಮಾರು 367, ಕ್ಯಾನನ್‌ನಲ್ಲಿ ಸುಮಾರು 332 ಚದರ ಮಿ.ಮೀ. ಅಪರ್ಚರನ್ನೂ ಶಟರ್ ತೆರೆದಿರುವ ಹೊತ್ತನ್ನೂ ಬದಲಿಸದೆ ಫುಲ್ ಫ್ರೇಮಿಗೆ ಹೋದರೆ ಸಿಗುವ ಲಾಭ ಹೆಚ್ಚುಕಡಿಮೆ ಎರಡೂವರೆ ಪಟ್ಟು ಬೆಳಕು, ಎಂದರೆ ಒಂದು ಸ್ಟಾಪಿಗಿಂತ (ಬೆಳಕು ಎರಡು ಪಟ್ಟಾಗುವುದು ಒಂದು ಸ್ಟಾಪ್) ತುಸು ಮಿಗಿಲು. ಕ್ಯಾಮೆರಾ ಕಂಪನಿಗಳು ಮಾರುವ ಅತ್ಯಂತ ಅಗ್ಗದ ಲೆನ್ಸುಗಳಲ್ಲಿ ಒಂದು ಈ 50 ಎಫ್ 1.8 ಎಂಬುದನ್ನು ಗಮನಿಸಿದರೆ, ದೊಡ್ಡ ಮೊತ್ತವನ್ನು ಮೊದಲು ಎಲ್ಲಿ ಹಾಕಬಾರದು ಎಂಬುದು ಸ್ಪಷ್ಟವಾಗುತ್ತದೆ.

ಹಾಗೆಂದು ಆ ಒಂದು ಲೆನ್ಸಿನಿಂದ ಮದುವೆ ಮುಗಿಯುವುದಿಲ್ಲ. ಕ್ರಾಪ್ ಸೆನ್ಸರಿನ ಮೇಲೆ 50 ಮಿ.ಮೀ. ಲೆನ್ಸಿನ ನೋಟ 75 ಅಥವಾ 80 ಮಿ.ಮೀ.ನಷ್ಟು ಕಿರಿದಾಗುತ್ತದೆ. ನಾಲ್ಕು ಬಾಳೆಕಂಬಗಳ ನಡುವೆ ವಧೂವರರು, ತಂದೆತಾಯಿಗಳು, ಪುರೋಹಿತರು, ಮೇಲಾಗಿ ವಿಡಿಯೊದವರು ನಿಂತಿರುವ ಧಾರೆಯ ಹೊತ್ತಿನಲ್ಲಿ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ಎಫ್ 1.8ರಲ್ಲಿ ಹತ್ತಿರದಿಂದ ತೆಗೆದರೆ ಮದುಮಗಳ ಕಣ್ಣು ಸ್ಪಷ್ಟವಾಗಿದ್ದು ಅರ್ಧ ಹೆಜ್ಜೆ ಹಿಂದಿರುವ ಮದುಮಗನ ಮುಖ ಮಸುಕಾಗುವ ಅಪಾಯವೂ ಇದೆ. ಆದ್ದರಿಂದ ನಾವು ಹೊಸದಾಗಿ ತರಿಸುತ್ತಿರುವುದರಲ್ಲಿ ಬಹುಪಾಲು, ಝೂಮಿನ ಉದ್ದಕ್ಕೂ ಎಫ್ 2.8 ಉಳಿಸಿಕೊಳ್ಳುವ 17–50 ಮತ್ತು 24–70 ಅಳತೆಯ ಲೆನ್ಸುಗಳು. ಎಫ್ 5.6ರಿಂದ ಎಫ್ 2.8ಕ್ಕೆ ಬಂದರೆ ಎರಡು ಸ್ಟಾಪ್, ಎಂದರೆ ನಾಲ್ಕು ಪಟ್ಟು ಬೆಳಕು. ಆರತಕ್ಷತೆಯಲ್ಲಿ ಸಾಲಾಗಿ ನಿಲ್ಲಿಸಿ ತೆಗೆಯುವ ಗುಂಪು ಫೋಟೊಗಳಿಗಂತೂ ಇದಾವುದೂ ಬೇಕಿಲ್ಲ; ಅಲ್ಲಿ ಹೇಗೂ ಎಫ್ 5.6 ಅಥವಾ ಎಫ್ 8 ಇಡುವುದರಿಂದ, ಬೇಕಾಗಿರುವುದು ಒಂದೆರಡು ಒಳ್ಳೆಯ ಫ್ಲ್ಯಾಶ್ ಮಾತ್ರ. ಹೊಸ ಕ್ಯಾಮೆರಾ ಕೇಳಿಕೊಂಡು ಬಂದವರನ್ನು ಫ್ಲ್ಯಾಶ್ ಕೊಟ್ಟು ಕಳಿಸಿದ ಸಂದರ್ಭಗಳು ನಮ್ಮಲ್ಲಿ ಕಡಿಮೆಯೇನಲ್ಲ.

ಮೆಗಾಪಿಕ್ಸೆಲ್‌ಗಾಗಿ ಕ್ಯಾಮೆರಾ ಬದಲಿಸುವ ವಿಚಾರಕ್ಕೂ ಆಲ್ಬಮ್ಮಿನ ಅಳತೆಯನ್ನು ಹಿಡಿದೇ ಉತ್ತರ ಕೊಡಬಹುದು. ನಮ್ಮ ಭಾಗದಲ್ಲಿ ಹೆಚ್ಚು ನಡೆಯುವ 12 ಗುಣಿಸು 36 ಇಂಚಿನ ಆಲ್ಬಮ್ಮಿನ ಒಂದು ಪುಟವೆಂದರೆ 12 ಗುಣಿಸು 18 ಇಂಚು. ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ ಅದಕ್ಕೆ ಬೇಕಾಗುವುದು 5400 ಗುಣಿಸು 3600, ಎಂದರೆ 20 ಮೆಗಾಪಿಕ್ಸೆಲ್‌ಗೂ ಕಡಿಮೆ. 2018ರ ಕ್ಯಾನನ್ 1500ಡಿ ಎಂಬ, ಹೊಸದಾಗಿ ಕಲಿಯುವವರ ಕ್ಯಾಮೆರಾದಲ್ಲೇ 24 ಮೆಗಾಪಿಕ್ಸೆಲ್ ಇದೆ. ಎರಡೂ ಪುಟಗಳಿಗೆ ಹರಡಿದ ಒಂದೇ ಚಿತ್ರ ಹಾಕುವಾಗ ಇಂಚಿಗೆ 166 ಚುಕ್ಕೆಗಳಷ್ಟಕ್ಕೆ ಇಳಿಯುತ್ತದೆಯಾದರೂ ಅಷ್ಟು ಅಗಲದ ಚಿತ್ರವನ್ನು ಯಾರೂ ಮೂಗಿಗೆ ತಾಗಿಸಿಕೊಂಡು ನೋಡುವುದಿಲ್ಲ. ಆಲ್ಬಮ್ಮಿನಲ್ಲಿ ಎದ್ದುಕಾಣುವ ಮಸುಕು ಬರುವುದು ಬಹಳ ಸಲ ಶಟರ್ ನಿಧಾನವಾದದ್ದರಿಂದ ಅಥವಾ ಫೋಕಸ್ ತಪ್ಪಿದ್ದರಿಂದ.

ಈ ಫೋಕಸಿನ ವಿಷಯದಲ್ಲಿ ಮಾತ್ರ ನಾವು ಬಾಡಿಯ ಪರವಾಗಿ ಮಾತನಾಡಲೇಬೇಕು. ಮೇಲೆ ಹೇಳಿದ 1500ಡಿಯ ವ್ಯೂಫೈಂಡರಿನಲ್ಲಿ ಇರುವುದು ಒಂಬತ್ತೇ ಫೋಕಸ್ ಬಿಂದುಗಳು, ಅವುಗಳಲ್ಲೂ ಕ್ರಾಸ್ ಮಾದರಿಯದು (ಅಡ್ಡ, ಉದ್ದ ಎರಡೂ ಗೆರೆಗಳನ್ನು ಗುರುತಿಸುವಂಥದ್ದು) ನಡುವಿನದೊಂದೇ. ಎಫ್ 1.8 ತೆರೆದಿಟ್ಟು ಚೌಕಟ್ಟಿನ ಅಂಚಿನಲ್ಲಿರುವ ಮುಖಕ್ಕೆ ಫೋಕಸ್ ಹಿಡಿಯುವ ಕೆಲಸ ಅಂತಹ ಕ್ಯಾಮೆರಾದಲ್ಲಿ ತೀರಾ ಅನಿಶ್ಚಿತ. ಇತ್ತೀಚಿನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳು ಕಣ್ಣನ್ನು ತಾವೇ ಗುರುತಿಸಿ ಹಿಂಬಾಲಿಸುತ್ತವೆ. ಒಳ್ಳೆಯ ಲೆನ್ಸು ಕೈಯಲ್ಲಿದ್ದೂ ಪೂರ್ತಿ ತೆರೆದಾಗ ಚಿತ್ರಗಳು ತಪ್ಪುತ್ತಲೇ ಇದ್ದರೆ, ಆ ಲೆನ್ಸಿನ ಕಾಸಿಗೆ ತಕ್ಕ ಕೆಲಸ ಸಿಗುವುದು ಬಾಡಿ ಬದಲಿಸಿದಾಗಲೇ.

ಬಾಡಿಯನ್ನೇ ಮೊದಲು ಬದಲಿಸಬೇಕಾದವರು ಇನ್ನೂ ಕೆಲವರಿದ್ದಾರೆ. ಒಂದೇ ಮೆಮೊರಿ ಕಾರ್ಡ್ ಹಾಕುವ ಕ್ಯಾಮೆರಾದಲ್ಲಿ ಮದುವೆ ಒಪ್ಪಿಕೊಳ್ಳುವುದು ಎಷ್ಟು ಅಪಾಯವೆಂದು ಆ ಕೆಲಸದಲ್ಲಿರುವವರಿಗೆ ನಾವು ಹೇಳಬೇಕಾಗಿಲ್ಲ. ತಾಳಿ ಕಟ್ಟುವ ಗಳಿಗೆಯನ್ನು ಮರುದಿನ ಮತ್ತೆ ತೆಗೆಯಲಾಗದು. ನಮ್ಮಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಜ್ ಆದ್ದರಿಂದ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. 1/100ಕ್ಕಿಂತ ವೇಗದ ಶಟರ್ ಇಟ್ಟರೆ ಒಂದು ಚಿತ್ರ ಬೆಳ್ಳಗೆ, ಮತ್ತೊಂದು ಹಳದಿಗಪ್ಪಾಗಿ ಬರುವುದು ಅದರಿಂದಲೇ. ಮಿನುಗಿನ ತುದಿಗೆ ಶಟರನ್ನು ಹೊಂದಿಸುವ ಸೌಲಭ್ಯವನ್ನು ಕ್ಯಾನನ್ 2014ರ 7ಡಿ ಮಾರ್ಕ್ 2 ಕ್ಯಾಮೆರಾದಲ್ಲಿ ತಂದಿತು. ಅದಿಲ್ಲದ ಹಳೆಯ ಬಾಡಿಯಲ್ಲಿ ಎಷ್ಟು ಬೆಲೆಯ ಲೆನ್ಸು ಹಾಕಿದರೂ ಈ ತೊಂದರೆ ತಪ್ಪದು. ವಿಡಿಯೊ ಮುಖ್ಯವಾಗಿರುವವರಿಗೂ ಬಾಡಿಯೇ ಮೊದಲು. ಶಟರಿನ ಆಯುಸ್ಸು ಮುಗಿಯುತ್ತ ಬಂದ ಕ್ಯಾಮೆರಾಗಳ ವಿಚಾರವೂ ಹಾಗೆಯೇ: ಕ್ಯಾನನ್ 5ಡಿ ಮಾರ್ಕ್ 3, ನಿಕಾನ್ ಡಿ750 ಎರಡಕ್ಕೂ ಕಂಪನಿ ಹೇಳಿದ ಅಂದಾಜು ಒಂದೂವರೆ ಲಕ್ಷ ಕ್ಲಿಕ್. ತಮ್ಮ ಕ್ಯಾಮೆರಾ ಎಷ್ಟು ದಾಟಿದೆ ಎಂಬುದನ್ನು ಅಂಗಡಿಯಲ್ಲಿ ಉಚಿತವಾಗಿ ನೋಡಿ ಹೇಳುತ್ತೇವೆ.

ಮಂಡಗದ್ದೆ, ಗುಡವಿಯ ಹಕ್ಕಿಗಳಿಗಾಗಿಯೂ ಭದ್ರಾ ಕಾಡಿಗಾಗಿಯೂ ಕ್ಯಾಮೆರಾ ಹಿಡಿಯುವ ಗ್ರಾಹಕರ ಲೆಕ್ಕ ಬೇರೆ. ಅವರಿಗೆ ಫುಲ್ ಫ್ರೇಮ್ ಲಾಭವಾಗುವುದಕ್ಕಿಂತ ನಷ್ಟವಾಗುವುದೇ ಹೆಚ್ಚು, ಏಕೆಂದರೆ 600 ಮಿ.ಮೀ. ಲೆನ್ಸು ಕ್ರಾಪ್ ಕ್ಯಾಮೆರಾದ ಮೇಲೆ 900 ಮಿ.ಮೀ.ನಷ್ಟು ಹತ್ತಿರ ಕಾಣಿಸುತ್ತದೆ. 55–250ರಿಂದ 150–600ಕ್ಕೆ ಹೋದವರು ಹಳೆಯ ಕ್ಯಾಮೆರಾದಲ್ಲೇ ಬೇರೆ ಚಿತ್ರಗಳನ್ನು ತೆಗೆಯತೊಡಗುತ್ತಾರೆ. ಆದರೆ ಆ ಲೆನ್ಸುಗಳು ತುದಿಯಲ್ಲಿ ಎಫ್ 6.3ಕ್ಕೆ ಕಿರಿದಾಗುವುದರಿಂದ ಬೆಳಗಿನ ಸಫಾರಿಯ ಮೊದಲ ಅರ್ಧ ಗಂಟೆಯಲ್ಲಿ ಐಎಸ್‌ಒ ಏರಿಸದೆ ವಿಧಿಯಿಲ್ಲ. 150–600 ಲೆನ್ಸಿನ ಎರಡು ಪ್ರತಿಗಳನ್ನು ಬಾಡಿಗೆಗೆ ಇಡುತ್ತಿದ್ದೇವೆ; ತೂಕ ಹೆಚ್ಚು, ಮೊನೊಪಾಡ್ ಜೊತೆಯಲ್ಲಿ ಒಯ್ಯುವುದು ಒಳ್ಳೆಯದು.

ಮೌಂಟಿನ (ಕ್ಯಾಮೆರಾದಲ್ಲಿ ಲೆನ್ಸು ಕೂರುವ ಬಾಯಿಯ) ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ತಪ್ಪು ತಿಳಿವಳಿಕೆಯಿಂದ ಹಣ ಹೋಗುವುದು ಇಲ್ಲಿಯೇ. 2020ರ ಬಳಿಕ ಕ್ಯಾನನ್ ಆಗಲಿ ನಿಕಾನ್ ಆಗಲಿ ಹೊಸ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಹಳೆಯ ಮಾದರಿಯ) ಬಾಡಿ ತಂದಿಲ್ಲ. ಹೀಗಿರುವಾಗ ಹಳೆಯ ಮೌಂಟಿನ ಲೆನ್ಸಿಗೆ ಹಣ ಹಾಕುವುದು ದಂಡವಲ್ಲವೇ ಎಂಬ ಸಂಶಯ ಸಹಜ. ಕ್ಯಾನನ್ ಇಎಫ್ ಮೌಂಟ್ ಬಂದದ್ದು 1987ರಲ್ಲಿ, ಮಿರರ್‌ಲೆಸ್ ಕ್ಯಾಮೆರಾಗಳಿಗೆಂದು ಆರ್‌ಎಫ್ ಮೌಂಟ್ ಬಂದದ್ದು 2018ರಲ್ಲಿ. ಇಎಫ್‌ನಲ್ಲಿ ಮೌಂಟಿನಿಂದ ಸೆನ್ಸರಿಗೆ ಇರುವ ದೂರ 44 ಮಿ.ಮೀ., ಆರ್‌ಎಫ್‌ನಲ್ಲಿ 20 ಮಿ.ಮೀ. ಉಳಿದ 24 ಮಿ.ಮೀ. ಜಾಗದಲ್ಲಿ ಎರಡನ್ನೂ ಜೋಡಿಸುವ ಅಡಾಪ್ಟರ್ ಕೂರುತ್ತದೆ. ಆದ್ದರಿಂದ ಇಎಫ್ ಲೆನ್ಸುಗಳು ಹೊಸ ಕ್ಯಾಮೆರಾದ ಮೇಲೂ ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ. ಇದಕ್ಕೆ ವಿರುದ್ಧವಾಗಿ, ಆರ್‌ಎಫ್ ಲೆನ್ಸನ್ನು ಡಿಎಸ್‌ಎಲ್‌ಆರ್ ಮೇಲೆ ಹಾಕುವ ದಾರಿ ಇಲ್ಲ. ಹೀಗಾಗಿ ಈಗ ಕೊಳ್ಳುವ ಒಳ್ಳೆಯ ಇಎಫ್ ಲೆನ್ಸು ನಾಳೆ ಕ್ಯಾಮೆರಾ ಬದಲಿಸಿದರೂ ಜೊತೆಯಲ್ಲೇ ಬರುತ್ತದೆ. ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡರೆ ಇನ್ನೂ ಲಾಭ ಎಂಬುದು ನಮ್ಮ ಅಭಿಪ್ರಾಯ.

ಕ್ರಾಪ್ ಕ್ಯಾಮೆರಾಕ್ಕೆಂದೇ ಮಾಡಿದ ಲೆನ್ಸುಗಳ ವಿಷಯದಲ್ಲಿ ಈ ಮಾತು ಅಷ್ಟು ಸಲೀಸಲ್ಲ. ಕ್ಯಾನನ್‌ನ ಅಂತಹ ಇಎಫ್-ಎಸ್ ಲೆನ್ಸನ್ನು 20 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಆರ್6 ಮೇಲೆ ಹಾಕಿದರೆ ಕ್ಯಾಮೆರಾ ತಾನಾಗಿಯೇ ಚೌಕಟ್ಟನ್ನು ಕತ್ತರಿಸಿಕೊಂಡು ಎಂಟು ಮೆಗಾಪಿಕ್ಸೆಲ್‌ಗೂ ಕಡಿಮೆ ಕೊಡುತ್ತದೆ. ನಿಕಾನ್‌ನ ಅಂತಹದೇ ಡಿಎಕ್ಸ್ ಲೆನ್ಸನ್ನು 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಡಿ750 ಮೇಲೆ ಹಾಕಿದರೆ ಸಿಗುವುದು ಸುಮಾರು ಹತ್ತು. ಹಳೆಯ ಲೆನ್ಸುಗಳನ್ನೇ ಉಳಿಸಿಕೊಂಡು ಬಾಡಿ ಮಾತ್ರ ಫುಲ್ ಫ್ರೇಮಿಗೆ ಏರಿಸಿದವರು ಹೆಚ್ಚು ಹಣ ಕೊಟ್ಟು ಕಡಿಮೆ ಚಿತ್ರ ಪಡೆಯುವುದು ಹೀಗೆ. ನಿಕಾನ್ ಬಳಸುವವರು ಇನ್ನೊಂದನ್ನೂ ಪರೀಕ್ಷಿಸಿಕೊಳ್ಳಬೇಕು: ಡಿ ಎಂಬ ಗುರುತಿನ ಹಳೆಯ ಲೆನ್ಸುಗಳಲ್ಲಿ ಬಹುಪಾಲಿನೊಳಗೆ ಫೋಕಸ್ ಮೋಟಾರ್ ಇಲ್ಲ, ಅವು ಬಾಡಿಯೊಳಗಿನ ಮೋಟಾರನ್ನೇ ನಂಬಿವೆ. ಡಿ750ಯಲ್ಲಿ ಆ ಮೋಟಾರ್ ಇದೆ, ಡಿ5600ನಲ್ಲಿ ಇಲ್ಲ; ಝಡ್ ಎಂಬ ಮಿರರ್‌ಲೆಸ್ ಕ್ಯಾಮೆರಾಗಳಿಗೆ ನಿಕಾನ್ ಮಾಡಿರುವ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಇಲ್ಲ. ಅಂತಹ ಕಡೆ ಕೈಯಿಂದಲೇ ಫೋಕಸ್ ತಿರುಗಿಸಬೇಕಾಗುತ್ತದೆ.

ಲೆನ್ಸುಗಳ ಪರವಾಗಿ ಇಷ್ಟು ಹೇಳಿದ ಮೇಲೆ ಮಲೆನಾಡಿನವರಾಗಿ ಒಂದು ಎಚ್ಚರಿಕೆ ಹೇಳದಿರಲಾಗದು. ಬಾಡಿಯ ಬೆಲೆಯಷ್ಟು ಬೇಗ ಲೆನ್ಸಿನ ಬೆಲೆ ಇಳಿಯುವುದಿಲ್ಲವೆಂಬುದು ಫಂಗಸ್ ಹಿಡಿಯದಿದ್ದರೆ ಮಾತ್ರ ನಿಜ. ತೀರ್ಥಹಳ್ಳಿ, ಹೊಸನಗರ, ಸಾಗರದ ಮಳೆಗಾಲದಲ್ಲಿ ಚೀಲದೊಳಗೆ ಮುಚ್ಚಿಟ್ಟ ಲೆನ್ಸು ಹಾಳಾಗಲು ಹೆಚ್ಚು ಕಾಲ ಬೇಕಿಲ್ಲ. ತೇವಾಂಶ ಶೇಕಡಾ 40ರಿಂದ 50ರೊಳಗೆ ಇರುವ ಡ್ರೈ ಕ್ಯಾಬಿನೆಟ್ ಉತ್ತಮ. ಇಲ್ಲವಾದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಮತ್ತು ಆಗಾಗ ಕಾಯಿಸಿ ಒಣಗಿಸಿದ ಸಿಲಿಕಾ ಜೆಲ್ ಸಾಕು. ಬಾಡಿಗೆಗೆ ಕೊಡುವ ನಮ್ಮ ಎಲ್ಲ ಲೆನ್ಸುಗಳೂ ಇನ್ನು ಮುಂದೆ ಡ್ರೈ ಕ್ಯಾಬಿನೆಟ್ಟಿನಲ್ಲೇ ಇರುತ್ತವೆ. ಒಯ್ಯುವಾಗಲೂ ತಿರುಗಿಸುವಾಗಲೂ ಟಾರ್ಚ್ ಹಿಡಿದು ತಮ್ಮ ಎದುರಿನಲ್ಲೇ ಗಾಜನ್ನು ಪರೀಕ್ಷಿಸಿ ನೋಂದಣಿ ಪುಸ್ತಕದಲ್ಲಿ ಬರೆಯುತ್ತೇವೆ. ಇದರಿಂದ ಕೌಂಟರಿನಲ್ಲಿ ಕೆಲವು ನಿಮಿಷ ಹೆಚ್ಚಾಗುತ್ತದೆ, ದಯವಿಟ್ಟು ಸಹಕರಿಸಬೇಕು.

ಇನ್ನು ವ್ಯವಹಾರದ ವಿವರಗಳು. ಪರೀಕ್ಷೆಗಾಗಿ ಬಾಡಿಗೆಗೆ ಒಯ್ದ ಲೆನ್ಸಿನಂಥದ್ದನ್ನೇ 30 ದಿನಗಳೊಳಗೆ ನಮ್ಮಲ್ಲಿ ಕೊಂಡರೆ, ಮೊದಲ ಎರಡು ದಿನಗಳ ಬಾಡಿಗೆಯನ್ನು ಬೆಲೆಯಲ್ಲಿ ಕಳೆಯುತ್ತೇವೆ. ಲೆನ್ಸು ಹಾಕಿ ನೋಡಿದ ಮೇಲೂ ಬಾಡಿಯೇ ಬೇಕೆನಿಸಿದರೆ ಅದೇ ರಿಯಾಯಿತಿ ಬಾಡಿಯ ಮೇಲೂ ಅನ್ವಯಿಸುತ್ತದೆ. ಲೆನ್ಸು ಮಾತ್ರ ಒಯ್ಯುವವರು ತಮ್ಮ ಕ್ಯಾಮೆರಾವನ್ನು ತಪ್ಪದೆ ಜೊತೆಯಲ್ಲಿ ತರಬೇಕು. ಮೌಂಟ್ ಹೊಂದುತ್ತದೆಯೇ, ಆಟೊಫೋಕಸ್ ನಡೆಯುತ್ತದೆಯೇ ಎಂಬುದನ್ನು ನೋಡದೆ ಕೊಡುವುದಿಲ್ಲ. ಠೇವಣಿ ಮತ್ತು ಗುರುತಿನ ಚೀಟಿಯ ನಿಯಮಗಳಲ್ಲಿ ಬದಲಾವಣೆಯಿಲ್ಲ. ಸೆಟ್ ಬಾಡಿಗೆಗೆಂದು ಈಗಾಗಲೇ ಮುಂಗಡ ಕೊಟ್ಟು ಆಗಸ್ಟ್, ಸೆಪ್ಟೆಂಬರ್ ತಿಂಗಳ ಮುಹೂರ್ತಗಳಿಗೆ ಕಾದಿರಿಸಿದವರಿಗೆ ಹಳೆಯ ದರದಲ್ಲೇ ಸೆಟ್ ಸಿಗುತ್ತದೆ. ಅವರಲ್ಲಿ ಯಾರಾದರೂ ಬಾಡಿಯನ್ನು ಬಿಟ್ಟು ಲೆನ್ಸನ್ನಷ್ಟೇ ಒಯ್ಯಲು ಬಯಸಿದರೆ ಒಂದು ವಾರ ಮುಂಚೆ ತಿಳಿಸಿ, ಹೆಚ್ಚುವರಿ ಮುಂಗಡವನ್ನು ಹಿಂದಕ್ಕೆ ಪಡೆಯಬಹುದು.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು
ಬಾಡಿಗೆ ಮತ್ತು ಮಾರಾಟ ವಿಭಾಗ, ಶಿವಮೊಗ್ಗ