ಬೆಟ್ಟದ ಕರಡಕ್ಕೂ ಒಂದು ತಳಿ ಬೇಕು

ಮಾನ್ಯ ಸಂಪಾದಕರೇ,

ಕಳೆದ ಕಾರ್ತಿಕದಲ್ಲಿ ನಮ್ಮ ಅಡಿಕೆ ಬೇಯಿಸುವ ಒಲೆಗೆ ಎರಡು ಗಾಡಿ ಕಟ್ಟಿಗೆ ಹೋಯಿತು. ಅದೇ ಹೊತ್ತಿಗೆ ಪಕ್ಕದ ಬೆಟ್ಟದಲ್ಲಿ ಎದೆಯೆತ್ತರದ ಕರಡ, ಅಂದರೆ ಬೆಟ್ಟದ ಹುಲ್ಲು, ಒಣಗುತ್ತಾ ನಿಂತಿತ್ತು. ದನಗಳಿಗೆ ಕೊಯ್ದು ಉಳಿದದ್ದು ಬೇಸಿಗೆಯ ಬೆಂಕಿಗೆ ಸುಮ್ನೆ ಹೋಯಿತು. ಕರಡ ಹಾಗೇ ಒಲೆಗೆ ಹಾಕಿದರೆ ಭುಗ್ಗೆಂದು ಮುಗಿಯುತ್ತದೆ, ನಿಜ. ಒತ್ತಿ ಬಿಲ್ಲೆ ಮಾಡಿದರೆ ನಿಧಾನ ಉರಿಯುತ್ತದೆ.

ಅಮೆರಿಕದಲ್ಲಿ ಹುಲ್ಲನ್ನೇ ಇಂಧನದ ಬೆಳೆ ಮಾಡುವ ಕೆಲಸ ದಶಕಗಳಿಂದ ನಡೆದಿದೆ. ಅಲ್ಲಿನ ಸ್ವಿಚ್‌ಗ್ರಾಸ್ ಎಂಬ ಹುಲ್ಲು ಒಮ್ಮೆ ಬಿತ್ತಿದರೆ ಹತ್ತು ವರ್ಷ ಬರುತ್ತದೆ. ಆದರೆ ದಕ್ಷಿಣದ, ಎತ್ತರವಾಗಿ ಬೆಳೆಯುವ ತಳಿ ಉತ್ತರದ ಚಳಿಗೆ ಸಾಯುತ್ತಿತ್ತು. ಚಳಿ ತಡೆಯುವ ಗಿಡ್ಡ ತಳಿಯ ಜೊತೆ ಅದನ್ನು ಬೆರೆಸಿದರು. ಚಳಿಗಾಲ ದಾಟಿ ಬದುಕಿದ ಗಿಡಗಳನ್ನೇ ಆರಿಸುತ್ತಾ ಹೋದರು. ನೆಬ್ರಾಸ್ಕದ 'ಲಿಬರ್ಟಿ' ತಳಿ ಬಂದದ್ದು ಹೀಗೆ. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಸಂಗತಿ. ಚಳಿ ಹತ್ತಿರ ಬಂದಾಗ ಈ ಹುಲ್ಲು ಎಲೆಯ ಸಾರಜನಕವನ್ನು ಬೇರಿಗೆ ಇಳಿಸಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಕೊಯ್ದರೆ ಗೊಬ್ಬರ ಕಡಿಮೆ ಸಾಕು.

ಆ ಹುಲ್ಲು ನಮಗೆ ಬೇಡ. ನಮ್ಮಲ್ಲಿ ಹಿಮವಿಲ್ಲ. ನಾಲ್ಕು ತಿಂಗಳು ಮಳೆ, ಆಮೇಲೆ ಬಿಸಿಲು. ಇದಕ್ಕೆ ಒಗ್ಗಿದ, ವರ್ಷವರ್ಷ ಚಿಗುರುವ ಹುಲ್ಲು ನಮ್ಮ ಬೆಟ್ಟಗಳಲ್ಲೇ ಇದೆ, ಅಲ್ವಾ? ಶಿರಸಿಯಲ್ಲಿ ಅರಣ್ಯ ಕಾಲೇಜು ಇದೆ. ಅಲ್ಲಿನವರು ಊರೂರಿನ ಬೆಟ್ಟದಿಂದ ಹುಲ್ಲಿನ ಬುಡ ತಂದು ನೆಟ್ಟು, ಒಳ್ಳೆಯದನ್ನು ಆರಿಸಲಿ. ತೋಟದ ಮೇಲಿನ ಎರಡು ಗುಂಟೆ ನಾನು ಬಿಟ್ಟುಕೊಡುತ್ತೇನೆ.

– ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು