ಜೋಳದ ಕಾಳಿನಷ್ಟು ಸೂಜಿ

ಟೊರೊಂಟೊ
ನವೆಂಬರ್ 16

ಪ್ರೀತಿಯ ಅಕ್ಕ,

ನಾನು ಇಲ್ಲಿ ಆರಾಮ ಇದ್ದೇನೆ. ಅವ್ವನಿಗೆ ಇಷ್ಟು ಓದಿ ಹೇಳು, ಉಳಿದದ್ದನ್ನು ಮೊದಲು ನೀನೊಬ್ಬಳೇ ಓದು.

ಹೋದ ತಿಂಗಳು ವಿಡಿಯೋ ಕಾಲ್‌ನಲ್ಲಿ ಅವ್ವ "ಯಾಕ ಇಷ್ಟು ಸೊರಗಿದಿ, ಊಟ ಸಿಗೂದಿಲ್ಲೇನು ಅಲ್ಲಿ" ಅಂದಳಲ್ಲ, ಕೆಲಸ ಜಾಸ್ತಿ ಅಂತ ಸುಳ್ಳು ಹೇಳಿದೆ. ನನಗೆ ಶುಗರ್ ಬಂದಿದೆ ಅಕ್ಕ. ಟೈಪ್ 1. ಅದು ಮಕ್ಕಳಿಗಷ್ಟೇ ಬರುತ್ತದೆ ಅಂದುಕೊಂಡಿದ್ದೆ, ಯಾವ ವಯಸ್ಸಿಗೂ ಬರಬಹುದಂತೆ. ಇದಕ್ಕೆ ಬರೀ ಗುಳಿಗೆ ಸಾಲುವುದಿಲ್ಲ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು.

ಯಾರಿಗೆ ಹೇಳ್ತಿದ್ದಾರೆ ನೋಡು! ಹಳೆ ಬಾಗಲಕೋಟೆಯ ದವಾಖಾನೆಯಿಂದ ಓಡಿ ಬಂದು ಅಪ್ಪನ ಅಂಗಡಿಯ ಜೋಳದ ಚೀಲಗಳ ಹಿಂದೆ ಅಡಗಿ ಕುಳಿತವನಿಗೆ. ಕಂಪೌಂಡರ್ ಸ್ಟೀಲ್ ಡಬ್ಬಿಯಲ್ಲಿ ಗಾಜಿನ ಸಿರಿಂಜ್ ಕುದಿಸುವಾಗ ಕಟಕಟ ಅಂತಿತ್ತಲ್ಲ, ಆ ಸದ್ದು ಕೇಳಿದರೆ ಸಾಕು, ನನ್ನ ಕೈಕಾಲು ತಣ್ಣಗಾಗುತ್ತಿತ್ತು. ಮೂವತ್ತಾರು ವರ್ಷವಾದರೂ ಅದು ಹೋಗಿರಲಿಲ್ಲ. ಇಲ್ಲಿ ನರ್ಸ್ ಇನ್ಸುಲಿನ್ ಚುಚ್ಚುವ ಪೆನ್ ಹಿಡಿದು ತೋರಿಸುತ್ತಿದ್ದಾಗಲೇ ಕಿವಿಯಲ್ಲಿ ಗುಂಯ್ ಅಂತು, ಕಣ್ಣು ಕತ್ತಲಾಯಿತು. ಎಚ್ಚರವಾದಾಗ ನೆಲದ ಮೇಲಿದ್ದೆ.

ರೂಮ್‌ಮೇಟ್ ಹೇಳಿದ್ದು "ಮೈ ಸಡಿಲ ಬಿಡು, ನಿಧಾನಕ್ಕೆ ಉಸಿರಾಡು" ಅಂತ. ಹಾಗೇ ಮಾಡಿದೆ, ಇನ್ನೂ ಬೇಗ ಬಿದ್ದೆ. ಆ ಮೇಲೆ ನರ್ಸ್ ಒಂದೇ ಪ್ರಶ್ನೆ ಕೇಳಿದಳು. ನಿಮಗೆ ಹೆದರಿಕೆ ಅಷ್ಟೇನಾ, ಅಥವಾ ಎಚ್ಚರ ತಪ್ಪುತ್ತದಾ? ಎರಡೂ ಬೇರೆ ಬೇರೆಯಂತೆ. ಹೆದರಿದಾಗ ಸಾಮಾನ್ಯವಾಗಿ ಬಿಪಿ ಏರುತ್ತದೆ. ನಮ್ಮಂಥವರಿಗೆ ಸೂಜಿ ಕಂಡರೆ ಮೊದಲು ಏರಿ, ಆಮೇಲೆ ದಡಕ್ಕನೆ ಇಳಿಯುತ್ತದೆ, ಎದೆಬಡಿತವೂ ನಿಧಾನವಾಗುತ್ತದೆ. ಮೈ ಸಡಿಲ ಬಿಟ್ಟರೆ ಇಳಿಯುವುದಕ್ಕೆ ದಾರಿ ಮಾಡಿಕೊಟ್ಟ ಹಾಗೆ. ನಾವು ಮಾಡಬೇಕಾದ್ದು ಉಲ್ಟಾ. ಕೂತುಕೊಂಡು ಕೈ, ಕಾಲು, ಹೊಟ್ಟೆ ಎಲ್ಲಾ ಬಿಗಿ ಹಿಡಿಯಬೇಕು, ಮುಖ ಬೆಚ್ಚಗಾಗುವವರೆಗೆ, ಹತ್ತು ಹದಿನೈದು ಸೆಕೆಂಡು. ಬಿಡಬೇಕು, ಅರ್ಧ ನಿಮಿಷ ಸುಮ್ನೆ ಕೂಡಬೇಕು, ಮತ್ತೆ ಬಿಗಿಯಬೇಕು. ಐದು ಸಲ. ಸ್ವೀಡನ್ನಿನ ಲಾರ್ಸ್ ಗೋರನ್ ಓಸ್ಟ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಈ ಉಪಾಯವನ್ನು ಪರೀಕ್ಷೆ ಮಾಡಿ ತೋರಿಸಿದ್ದು. ಚುಚ್ಚುವ ಜಾಗ ಮಾತ್ರ ಸಡಿಲ ಇರಬೇಕು, ಇಲ್ಲದಿದ್ದರೆ ನೋವು. ಒಂದು ವಾರ ಬರೀ ಇದೇ ಅಭ್ಯಾಸ. ಒಂದು ದಿನ ಕ್ಯಾಪ್ ಹಾಕಿದ ಪೆನ್ ಎದುರಿಗಿಟ್ಟು, ಇನ್ನೊಂದು ದಿನ ಕ್ಯಾಪ್ ತೆಗೆದು. ಆ ವಾರವಿಡೀ ನರ್ಸೇ ಚುಚ್ಚಿದಳು. ನಾನು ಗೋಡೆ ನೋಡುತ್ತಿದ್ದೆ.

ಎಂಟನೆಯ ದಿನ ಅಡುಗೆಮನೆಯ ಟೇಬಲ್ ಮುಂದೆ ನಲವತ್ತು ನಿಮಿಷ ಕೂತೆ. ಚಹಾ ಆರಿ ಕೆನೆ ಕಟ್ಟಿತ್ತು. ಆಮೇಲೆ ಮೊದಲ ಸಲ ಸೂಜಿಯನ್ನು ನೆಟ್ಟಗೆ ನೋಡಿದೆ. ನಾಲ್ಕು ಮಿಲಿಮೀಟರ್ ಅಕ್ಕ. ಒಂದು ಜೋಳದ ಕಾಳಿನಷ್ಟು! ಅವ್ವ ಕೌದಿ ಹೊಲಿಯುವ ಸೂಜಿ ಇದರ ಮುಂದೆ ದಬ್ಬಣ. ಹೊಟ್ಟೆಗೆ ಚುಚ್ಚಿ ಬಟನ್ ಒತ್ತಿದ ಮೇಲೆ ಹತ್ತು ಎಣಿಸುವವರೆಗೆ ಹಿಡಿದಿರಬೇಕು, ಇಲ್ಲದಿದ್ದರೆ ಔಷಧಿ ಹೊರಗೆ ಜಿನುಗುತ್ತದೆ. ನನ್ನ ಬಾಯಿಗೆ ಬಂದದ್ದು ಅಪ್ಪ ಜೋಳ ಅಳೆಯುವಾಗಿನ ಲೆಕ್ಕ: ಲಾಭ, ಎರಡು, ಮೂರು. ಈಗಲೂ ಹಾಗೇ ಎಣಿಸುತ್ತೇನೆ. ನೋವು? ಇರುವೆ ಕಚ್ಚಿದಷ್ಟೂ ಇಲ್ಲ. ಫ್ರಿಜ್‌ನಿಂದ ತೆಗೆದ ತಕ್ಷಣ ಚುಚ್ಚಿದರೆ ಮಾತ್ರ ಉರಿಯುತ್ತದೆ.

ಅವ್ವನಿಗೆ ಹೇಳೋಕೆ ಹಿಂಜರಿದದ್ದು ಕಾಕಾನಿಂದಾಗಿ. ಇನ್ಸುಲಿನ್ ಶುರುವಾಗಿ ಆರು ತಿಂಗಳಿಗೆ ಅವನು ಹೋದ. ಅಂದಿನಿಂದ ನಮ್ಮ ಮನೆಯಲ್ಲಿ ಇನ್ಸುಲಿನ್ ಅಂದರೆ ಮುಗೀತು ಅಂತಲೇ ಅರ್ಥ. ಆದರೆ ಅವನ ಕಿಡ್ನಿ ಅಷ್ಟರಲ್ಲಾಗಲೇ ಕೆಟ್ಟಿತ್ತು. "ಸೂಜಿ ಒಂದ ಬ್ಯಾಡ್ರಿ" ಅಂತ ವರ್ಷಗಟ್ಟಲೆ ಮುಂದೂಡಿದ್ದನಲ್ಲ. ನನಗೇನೂ ಅವನ ಮೇಲೆ ಸಿಟ್ಟಿಲ್ಲ. ಅವನು ಕೂಡ ನನ್ನ ಹಾಗೆ ಎಚ್ಚರ ತಪ್ಪುವವನೇ ಇದ್ದನೇನೋ, ಯಾರು ಕೇಳಿದ್ದರು?

ಇನ್ನೊಂದು ಮಜಾ ಕೇಳು. ಇನ್ಸುಲಿನ್ ಸಿಕ್ಕಿದ್ದು ಇದೇ ಊರಲ್ಲಿ, 1921ರಲ್ಲಿ, ಇಲ್ಲಿನ ಯೂನಿವರ್ಸಿಟಿಯಲ್ಲಿ. ಮೊದಲು ಚುಚ್ಚಿಸಿಕೊಂಡದ್ದು 14 ವರ್ಷದ ಹುಡುಗ, ಲಿಯೊನಾರ್ಡ್ ಥಾಂಪ್ಸನ್, 1922ರ ಜನವರಿಯಲ್ಲಿ. ಮೊದಲ ಸಲದ ಔಷಧಿ ಶುದ್ಧವಿರಲಿಲ್ಲ, ಚುಚ್ಚಿದ ಜಾಗದಲ್ಲಿ ಕೀವು ಕಟ್ಟಿತು. ಹನ್ನೆರಡು ದಿನ ಬಿಟ್ಟು ಮತ್ತೆ ಚುಚ್ಚಿದರು, ಶುಗರ್ ಇಳಿಯಿತು, ಮುಂದೆ 13 ವರ್ಷ ಬದುಕಿದ. ಆ ಕಾಲದ ಸೂಜಿ ಹೇಗಿತ್ತೋ, ಎರಡನೇ ಸಲ ಚುಚ್ಚಿಸಿಕೊಂಡದ್ದು ಅವನ ಧೈರ್ಯ. ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಹುಟ್ಟಿದ ದಿನ ನವೆಂಬರ್ 14. ನಮ್ಮ ಮಕ್ಕಳ ದಿನಾಚರಣೆ! ಮೊನ್ನೆ ಅದೇ ನೆಪದಲ್ಲಿ ಈ ಪತ್ರ ಶುರು ಮಾಡಿದೆ, ಮುಗಿಸೋಕೆ ಎರಡು ದಿನ ಹಿಡಿಯಿತು.

ಅವ್ವನ ಪಾರ್ಸೆಲ್‌ನಲ್ಲಿ ಅಮೀನಗಡದ ಕರದಂಟು ಇದ್ದೇ ಇರುತ್ತದೆ. ಪೂರ್ತಿ ಬೇಡ ಅನ್ನಬೇಡ, ಅರ್ಧ ಕೇಜಿ ಸಾಕು ಅನ್ನು. ಶುಗರ್ ತೀರಾ ಇಳಿದು ಕೈ ನಡುಗುವಾಗ ಅದು ಕೆಲಸಕ್ಕೆ ಬರುವುದಿಲ್ಲ. ತುಪ್ಪ, ಗೋಡಂಬಿ ಇರೋದರಿಂದ ಸಿಹಿ ರಕ್ತಕ್ಕೆ ಸೇರುವುದು ತಡ. ಆಗ ಗ್ಲೂಕೋಸ್ ಗುಳಿಗೆಯೋ ಹಣ್ಣಿನ ರಸವೋ ಬೇಕು. ಕರದಂಟು ಏನಿದ್ದರೂ ಲೆಕ್ಕ ಹಾಕಿ, ಅದಕ್ಕೆ ತಕ್ಕ ಇನ್ಸುಲಿನ್ ತಗೊಂಡು, ಒಂದು ತುಂಡು.

ಖಡಕ್ ರೊಟ್ಟಿ ಮಾತ್ರ ಜಾಸ್ತಿ ಕಳಿಸಿ, ಗುರೆಳ್ಳು ಚಟ್ನಿನೂ. ಅದರ ಜೊತೆ ಒಂದು ಕೆಲಸ ಮಾಡು. ಅವ್ವ ಹತ್ತು ರೊಟ್ಟಿಗೆ ಎಷ್ಟು ಹಿಟ್ಟು ತೆಗೆದುಕೊಳ್ಳುತ್ತಾಳೆ ಅಂತ ಅಪ್ಪನ ತಕ್ಕಡಿಯಲ್ಲಿ ತೂಗಿ, ಗ್ರಾಂ ಲೆಕ್ಕದಲ್ಲಿ ಬರೆದು ಕಳಿಸು. ಹಿಟ್ಟಿನ ತೂಕ ಗೊತ್ತಾದರೆ ಒಂದು ರೊಟ್ಟಿಗೆ ಎಷ್ಟು ಯೂನಿಟ್ ಇನ್ಸುಲಿನ್ ಅಂತ ನಾನಿಲ್ಲಿ ಲೆಕ್ಕ ಹಾಕಿಕೊಳ್ಳುತ್ತೇನೆ. ಹಿಟ್ಟು ಯಾಕೆ ತೂಗುತ್ತಿದ್ದೀ ಅಂತ ಅವ್ವ ಕೇಳಿಯೇ ಕೇಳುತ್ತಾಳೆ. ಆಗ ಹೇಳಿಬಿಡು.

ನಿನ್ನ ತಮ್ಮ