ಹಳೇ ಕಾರಿನ ಬ್ರೇಕ್ ಸಾಮಾನು: ಚಿತ್ರದುರ್ಗದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ದೊಡ್ಡಪ್ಪನ ಪದ್ಮಿನಿ ಕಾರು ನಿನ್ನ ಕೈಗೆ ಬಂತು ಅಂತ ಕೇಳಿ ತುಂಬಾ ಖುಷಿಯಾಯಿತು. ನಾವಿಬ್ಬರೂ ಅದರ ಹಿಂದಿನ ಸೀಟಿನಲ್ಲಿ ಕೂತು ಕಿಟಕಿ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೈಸಿಕೊಂಡದ್ದು ಇನ್ನೂ ನೆನಪಿದೆ. ಆದರೆ ‘ಎಂಜಿನ್ ಸ್ಟಾರ್ಟ್ ಆಯ್ತು, ಇನ್ನು ಓಡಿಸೋದೊಂದೇ ಬಾಕಿ’ ಅಂದೆಯಲ್ಲ, ಅಲ್ಲಿ ನನಗೆ ಭಯವಾಯಿತು. ಎಂಟು ವರ್ಷ ಶೆಡ್ಡಿನಲ್ಲಿ ನಿಂತ ಕಾರು ಅದು. ಓಡುತ್ತೋ ಇಲ್ಲವೋ ಆಮೇಲೆ ನೋಡೋಣ, ಮೊದಲು ನಿಲ್ಲಬೇಕು ಅಲ್ವಾ?

ನನ್ನ ಅಂಬಾಸಿಡರ್ ವಿಷಯ ನಿನಗೆ ಪೂರ್ತಿ ಹೇಳಿಲ್ಲ. ಹೋದ ವರ್ಷ ಹಿಂದಿನ ಚಕ್ರದಲ್ಲಿ ಬ್ರೇಕ್ ಆಯಿಲ್ ಸೋರುತ್ತಿತ್ತು. ಒಂದು ಅಂಗಡಿಗೆ ಹೋಗಿ ವೀಲ್ ಸಿಲಿಂಡರ್ ಕಿಟ್ ಕೇಳಿದೆ. ಆಯಿಲ್ ಒತ್ತಡದಿಂದ ಚಕ್ರದ ಬ್ರೇಕ್ ಶೂಗಳನ್ನು ತಳ್ಳುವ ಸಣ್ಣ ಸಿಲಿಂಡರ್ ಅದು, ಕಿಟ್ ಅಂದರೆ ಅದರೊಳಗಿನ ರಬ್ಬರ್ ಕಪ್‌ಗಳು. ‘ಹಳೇ ಸ್ಟಾಕ್ ಸಾರ್, ಕಂಪನಿ ಮಾಲು, ಈಗೆಲ್ಲಿ ಸಿಗುತ್ತೆ ಇದು’ ಅಂತ ಬಣ್ಣ ಮಾಸಿದ ಡಬ್ಬ ತೆಗೆದುಕೊಟ್ಟರು. ಹಳೇ ಕಾರಿಗೆ ಆಗಿನ ಕಾಲದ್ದೇ ಸಾಮಾನು ಸಿಕ್ಕಿತಲ್ಲ ಅಂತ ಕೇಳಿದಷ್ಟು ದುಡ್ಡು ಕೊಟ್ಟು ತಂದೆ.

ಮೂರು ವಾರ ಚೆನ್ನಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಒಂದು ರೈಲ್ವೆ ಗೇಟ್ ಹತ್ತಿರ ಬಂದೆ. ಗೇಟ್ ಬಿದ್ದಿತ್ತು. ನನ್ನ ಮುಂದೆ ಒಂದು ಆಟೋ, ತುಂಬಾ ಶಾಲೆ ಮಕ್ಕಳು. ಬ್ರೇಕ್ ಒತ್ತಿದೆ. ಪೆಡಲ್ ಮೆತ್ತಗೆ ಇಳಿದು ತಳಕ್ಕೆ ಕೂತಿತು. ಕಾರು ಹೋಗುತ್ತಲೇ ಇತ್ತು. ಗೇರ್ ಇಳಿಸಿ ಹ್ಯಾಂಡ್ ಬ್ರೇಕ್ ಎಳೆದೆ. ಆಟೋಗೂ ನನ್ನ ಬಂಪರ್‌ಗೂ ಮಧ್ಯೆ ಒಂದು ಗೇಣು ಉಳಿಯಿತು. ಹಿಂದಿನ ಸೀಟಿನ ಹುಡುಗಿಯೊಬ್ಬಳು ನನ್ನ ಕಡೆ ನೋಡಿ ಕೈ ಬೀಸಿದಳು, ಅವಳಿಗೇನು ಗೊತ್ತು. ನನ್ನ ಕಾಲು ಮನೆಗೆ ಬಂದ ಮೇಲೂ ನಡುಗುತ್ತಿತ್ತು.

ಹ್ಯಾಂಡ್ ಬ್ರೇಕ್ ಕೇಬಲ್ ಮೇಲೆ ನಡೆಯುತ್ತೆ, ಆಯಿಲ್ ಮೇಲಲ್ಲ. ಅದರಿಂದ ಉಳಿದೆ. ನಮ್ಮ ಹಳೇ ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಆಯಿಲ್ ಲೈನ್. ಒಂದು ಚಕ್ರದಲ್ಲಿ ಸೋರಿದರೆ ನಾಲ್ಕರ ಹಿಡಿತವೂ ಹೋದಂತೆ.

ಗ್ಯಾರೇಜಿನಲ್ಲಿ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗೆಲ್ಲ ಕಪ್ಪು ರಾಡಿ. ಮೇಸ್ತ್ರಿ ಸಿಲಿಂಡರ್‌ನಿಂದ ರಬ್ಬರ್ ಕಪ್ ಹೊರಗೆ ತೆಗೆದು, ಅದರ ಅಂಚನ್ನು ಹೆಬ್ಬೆರಳಿನಿಂದ ಮಡಚಿ ತೋರಿಸಿದರು. ಮಡಚಿದ ಜಾಗದಲ್ಲಿ ಕೂದಲೆಳೆಯಂಥ ಬಿರುಕುಗಳು. ಒಂದು ಚೂರು ಕಿತ್ತು ಬೆರಳಿಗೇ ಬಂತು. ಡಬ್ಬದಲ್ಲಿ ಇನ್ನೂ ಉಪಯೋಗಿಸದ ಒಂದು ಕಪ್ ಇತ್ತು. ಅದನ್ನೂ ಮಡಚಿದರು. ಅದೂ ಹಾಗೇ. ರಬ್ಬರ್ ಸುಮ್ನೆ ಕೂತರೂ ಗಟ್ಟಿಯಾಗುತ್ತೆ ಮಾರಾಯ. ಕಬ್ಬಿಣದ ಡ್ರಮ್ಮು, ಶೂ ಫ್ರೇಮು ಇಂಥವು ಹಳೇ ಸ್ಟಾಕ್ ಆದರೆ ಧಾರಾಳವಾಗಿ ತಗೋ. ರಬ್ಬರ್ ಕಪ್, ಹೋಸ್ ಪೈಪು ಮಾತ್ರ ಹೊಸದಾಗಿ ತಯಾರಾದದ್ದೇ ಬೇಕು. ಒಳ್ಳೆಯ ಹೋಸಿನ ಮೇಲೆ ತಯಾರಾದ ದಿನಾಂಕದ ಗುರುತು ಇರುತ್ತೆ, ನೋಡಿಯೇ ತಗೋ.

ನಿನ್ನ ಪದ್ಮಿನಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತೆ. ಮುಂಬೈಯಲ್ಲಿ ಸಾವಿರಾರು ಪದ್ಮಿನಿ ಟ್ಯಾಕ್ಸಿ ಓಡುತ್ತಿದ್ದಾಗ ಸಾಮಾನು ಬಂದ ಹಾಗೆ ಖರ್ಚಾಗುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಅಲ್ಲಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಓಡುವ ಗಾಡಿ ಕಮ್ಮಿಯಾದರೆ ಸಾಮಾನು ಕಪಾಟಿನಲ್ಲೇ ವರ್ಷಗಟ್ಟಲೆ ಕೂರುತ್ತೆ. ಅದನ್ನೇ ‘ಅಪರೂಪದ ಮಾಲು’ ಅಂತ ಮಾರುತ್ತಾರೆ.

ಈಗ ನಾನು ಸಾಮಾನು ತರುವುದು ಇನ್ನೊಂದು ಸಣ್ಣ ಅಂಗಡಿಯಿಂದ. ನಮ್ಮ ಮೇಸ್ತ್ರಿಯೇ ಕರೆದುಕೊಂಡು ಹೋದದ್ದು. ಕೌಂಟರ್ ಹಿಂದೆ ಒಬ್ಬ ಅಜ್ಜ ಕೂತಿರುತ್ತಾರೆ. ಮೊದಲ ಸಲ ಹೋಗಿ ‘ಅಂಬಾಸಿಡರ್ ವೀಲ್ ಸಿಲಿಂಡರ್ ಕಿಟ್ ಕೊಡಿ’ ಅಂದೆ. ಅವರು ಎದ್ದೇಳಲಿಲ್ಲ. ‘ಹಳೇ ಪೀಸ್ ತಂದೀರೇನು?’ ಅಂದರು. ಇಲ್ಲ ಅಂದೆ. ‘ತಗೊಂಡ್ ಬರ್ರಿ. ಅಂಬಾಸಿಡರ್ ಅಂದ್ರೆ ಒಂದೇ ಸೈಜಾ?’ ಅಂದು ಕಳಿಸಿಬಿಟ್ಟರು. ಮಾರನೇ ದಿನ ಸಿಲಿಂಡರ್ ಒಯ್ದೆ. ಕನ್ನಡಕ ಮೇಲೆ ಸರಿಸಿ, ಬಟ್ಟೆಯಿಂದ ಒರೆಸಿ, ಎರಕದ ಮೇಲಿದ್ದ ಅಳತೆ ಓದಿದರು. ಆಮೇಲೆ ವರ್ನಿಯರ್ ತಂದು ಒಳಗಿನ ಬೋರ್, ಅಂದರೆ ತೂತಿನ ಅಗಲ, ಅಳೆದರು. ಮುಕ್ಕಾಲಿಂಚಿನದಕ್ಕೆ 7/8 ಇಂಚಿನ ಕಪ್ ಕೂರುವುದಿಲ್ಲ. ಇಡೀ ಸಿಲಿಂಡರನ್ನೇ ಬೇರೆ ಬೋರಿನದು ಹಾಕಿದರೆ ಆ ಚಕ್ರಕ್ಕೆ ಬೀಳುವ ಬ್ರೇಕ್ ಬಲವೇ ಬದಲಾಗಿ ಕಾರು ಒಂದು ಕಡೆ ಎಳೆಯುತ್ತೆ. ಇದನ್ನೆಲ್ಲ ಅವರೇ ಹೇಳಿದ್ದು, ಯಾವ ಅವಸರವೂ ಇಲ್ಲದೆ.

ಕೊನೆಗೆ ಅವತ್ತೂ ಅವರು ಕಿಟ್ ಕೊಡಲಿಲ್ಲ ಕಣೋ! ಬೋರಿನ ಒಳಗೆ ಬೆರಳಾಡಿಸಿ ನೋಡು ಅಂದರು. ಮರಳು ಕಾಗದದ ಹಾಗೆ ತರಿತರಿ. ತುಕ್ಕು ತಿಂದು ಗುಳಿ ಬಿದ್ದಿತ್ತು. ‘ಇದಕ್ಕೆ ಹೊಸ ಕಪ್ ಹಾಕಿದ್ರೆ ತಿಂಗಳೊಪ್ಪತ್ತಲ್ಲಿ ಹರ್ಕೊಂಡ್ ಹೋಗುತ್ತೆ. ಮೊದಲು ಸ್ಲೀವ್ ಹಾಕಿಸ್ಕೊಂಡ್ ಬರ್ರಿ’ ಅಂದರು. ಬರುವ ವ್ಯಾಪಾರವನ್ನು ಎರಡು ಸಲ ವಾಪಸ್ ಕಳಿಸಿದ ಮನುಷ್ಯ. ಅವತ್ತೇ ನನಗೆ ನಂಬಿಕೆ ಬಂತು. ಹರಿಹರಕ್ಕೆ ಹೋಗಿ ಬೋರಿನ ಒಳಗೆ ಸ್ಟೀಲ್ ಸ್ಲೀವ್, ಅಂದರೆ ತೆಳ್ಳಗಿನ ಸ್ಟೀಲ್ ಕೊಳವೆ, ಹಾಕಿಸಿದೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ತಯಾರಿಸುತ್ತಿದ್ದ ಊರು ಅದು. ಕೂದಲೆಳೆಯಷ್ಟು ವ್ಯತ್ಯಾಸವೂ ಗೊತ್ತಾಗುವ ಕೈಗಳು ಅಲ್ಲಿ ಇನ್ನೂ ಇವೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗಿ ತರ್ತೀನಿ ಅಂದೆಯಲ್ಲ. ಹೋಗು, ಬೇಡ ಅನ್ನಲ್ಲ. ಆದರೆ ಬರೀ ಕಾರಿನ ಹೆಸರು ಹೇಳಿ ಸಾಮಾನು ಕೇಳಬೇಡ. ಡಬ್ಬದ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಓದು. ದೊಡ್ಡ ಕಂಪನಿ ಹೆಸರಲ್ಲಿ ಒಂದಕ್ಷರ ಬದಲಿಸಿದ ಡೂಪ್ಲಿಕೇಟ್ ನನ್ನ ಕೈಗೇ ಬಂದಿದೆ. ಸಾಮಾನಿನ ಹೆಸರು ಬರೆದ ಬಿಲ್ ಕೇಳು. ‘ಸೈಜ್ ಆಗದಿದ್ದರೆ ವಾಪಸ್ ತಗೋತೀರಾ’ ಅಂತ ದುಡ್ಡು ಕೊಡುವ ಮುಂಚೆ ಕೇಳು. ಪೋಸ್ಟಿನಲ್ಲಿ ತರಿಸುವುದಾದರೆ ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ಕಳಿಸಿ ಅನ್ನು. ಕಳಿಸಲು ಗೊಣಗುವವರ ಹತ್ತಿರ ಬ್ರೇಕ್ ಸಾಮಾನು ಬೇಡ.

ಬ್ರೇಕ್ ಪೈಪ್ ನಟ್ಟಿನ ವಿಷಯದಲ್ಲಂತೂ ತುಂಬಾ ಹುಷಾರು. ನನ್ನದು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ವಂಶದ್ದು, ಇಂಚಿನ ಲೆಕ್ಕ. ನಿನ್ನದು ಇಟಲಿಯ ಫಿಯಟ್, ಮಿಲಿಮೀಟರ್ ಲೆಕ್ಕ. 3/8 ಇಂಚು ಅಂದರೆ ಒಂಬತ್ತೂವರೆ ಮಿಲಿಮೀಟರ್. ಆ ನಟ್ಟು ಹತ್ತು ಮಿಲಿಮೀಟರ್ ತೂತಿಗೆ ಸಲೀಸಾಗಿ ಹೋಗುತ್ತೆ, ಕೂತಂತೆಯೂ ಅನಿಸುತ್ತೆ. ಜೋರಾಗಿ ಪೆಡಲ್ ಒತ್ತಿದ ದಿನ ಕಿತ್ತು ಬರುತ್ತೆ.

ಬ್ರೇಕ್ ಆಯಿಲ್, ಸೀಲ್ ಒಡೆಯದ ಡಬ್ಬದ್ದೇ ಇರಲಿ, ಡಾಟ್ 3 ಅಥವಾ ಡಾಟ್ 4 ದರ್ಜೆಯದು. ತೆರೆದಿಟ್ಟರೆ ಗಾಳಿಯ ತೇವ ಹೀರುತ್ತೆ. ರಬ್ಬರ್ ಕಪ್ಪುಗಳನ್ನು ಯಾರಾದರೂ ಪೆಟ್ರೋಲಿನಲ್ಲಿ ತೊಳೆಯಲು ಹೊರಟರೆ ಕೈ ಹಿಡಿದು ನಿಲ್ಲಿಸು, ಊದಿಕೊಂಡು ಹಾಳಾಗುತ್ತವೆ. ಬ್ರೇಕ್ ಶೂ ಮೇಲಿನ ಹಳೇ ಲೈನರ್ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ. ಆಗಿನ ಲೈನರ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಶನಿವಾರ ಬಾ, ಭಾನುವಾರ ಅಜ್ಜನ ಅಂಗಡಿ ತೆಗೆಯಲ್ಲ. ಸಿಲಿಂಡರ್‌ಗಳನ್ನು ಬಿಚ್ಚಿಸಿ, ಯಾವುದು ಎಡ, ಯಾವುದು ಬಲ ಅಂತ ಟೇಪ್ ಅಂಟಿಸಿ ಬರೆದು, ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೋ. ಬಸ್ಸಿಗೇ ಬಾ. ಬೆಳಿಗ್ಗೆ ಬೇಗ ಹೊರಟರೆ ಬೆಣ್ಣೆ ದೋಸೆ ತಿಂದುಕೊಂಡು ಅಂಗಡಿ ತೆಗೆಯುವ ಹೊತ್ತಿಗೆ ಹೋಗಬಹುದು.

ನಿನ್ನ ಗೆಳೆಯ,
ದಾವಣಗೆರೆಯಿಂದ